ಹಳೇ ಬ್ಯಾಟರಿ: ಸೆಲ್ಫ್ ಹೊಡೆಯುವಾಗ ಎಷ್ಟು ವೋಲ್ಟ್?

ಕಲಬುರಗಿಯಲ್ಲಿ ಕಾರ್ ಬ್ಯಾಟರಿಗೆ ಆಯಸ್ಸು ಕಡಿಮೆ. ಏಪ್ರಿಲ್, ಮೇ ಬಂತೆಂದರೆ 42 ಡಿಗ್ರಿ ಇಲ್ಲಿ ಮಾಮೂಲು. ಬಾನೆಟ್ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಚಳಿಗೆ ಬ್ಯಾಟರಿ ಹೋಯ್ತು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದನ್ನು ಒಳಗಿನಿಂದ ತಿನ್ನುವುದು ಬಿಸಿಲು. ಸೆಕೆಗೆ ಒಳಗಿನ ಸೀಸದ ಜಾಲರಿ ಬೇಗ ಸವೆಯುತ್ತದೆ, ನೀರು ಆರುತ್ತದೆ. ಬೇಸಿಗೆಯಲ್ಲೇ ಸೋತಿದ್ದ ಬ್ಯಾಟರಿ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಕೈ ಕೊಡುತ್ತದೆ, ಅಷ್ಟೇ. ಅದಕ್ಕೇ ಬೇಸಿಗೆ ಮುಗಿದು ಒಂದೆರಡು ಮಳೆ ಬಿದ್ದ ಮೇಲೆ ನಾನು ಬ್ಯಾಟರಿ ನೋಡಲು ಶುರು ಮಾಡುತ್ತೇನೆ.

ನನ್ನದು ಹಳೇ ಪೆಟ್ರೋಲ್ ವ್ಯಾಗನ್ ಆರ್. 35 ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಬ್ಯಾಟರಿ. ನಾಲ್ಕನೇ ವರ್ಷಕ್ಕೆ ಬಿದ್ದಾಗ ಬ್ಯಾಟರಿ ಅಂಗಡಿಯವರು, "ಸರ್, ನಾಲ್ಕು ವರ್ಷ ಆಗ್ಯಾವಲ್ರಿ, ಹೊಸದು ಹಾಕ್ಸಿಬಿಡ್ರಿ" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ, ನಮ್ಮ ಕಡೆ ಮೂರ್ನಾಲ್ಕು ವರ್ಷ ಬಾಳಿದರೆ ಬ್ಯಾಟರಿ ಚೆನ್ನಾಗಿ ಬಾಳಿತು ಎಂದೇ ಲೆಕ್ಕ. ಆದರೆ ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಬದಲಿಸಲು ನನಗೆ ಮನಸ್ಸಿಲ್ಲ. ವಾರಂಟಿ ಮುಗಿಯುವ ಮುಂಚೆ ಸತ್ತ ಬ್ಯಾಟರಿಗಳೂ ಇವೆ, ಐದು ವರ್ಷ ದಾಟಿದವೂ ಇವೆ. ಇನ್ನು ಇದರ ಮೇಲೆ ಕಣ್ಣಿಡಬೇಕು ಎನ್ನುವಷ್ಟನ್ನು ಮಾತ್ರ ವಯಸ್ಸು ಹೇಳುತ್ತದೆ.

ಕಣ್ಣಿಡಲು ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಅದನ್ನು 20 ವೋಲ್ಟ್ ಡಿಸಿಗೆ ಇಟ್ಟುಕೊಳ್ಳುತ್ತೇನೆ. ರಾತ್ರಿಯಿಡೀ ನಿಂತ ಕಾರು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ 12.6 ತೋರಿಸಿದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಮುಕ್ಕಾಲು ಭಾಗ, 12.2 ಅಂದರೆ ಅರ್ಧ. ಓಡಿಸಿ ಬಂದ ಕೂಡಲೇ ನೋಡಿದರೆ 12.8, 12.9 ಬರುತ್ತದೆ. ಅದನ್ನು ನಂಬಬೇಡಿ, ಅದು ಮೇಲ್ಮೇಲಿನ ಚಾರ್ಜು. ಹೆಡ್‌ಲೈಟ್ ಒಂದೆರಡು ನಿಮಿಷ ಹಾಕಿ, ಆರಿಸಿ, ಸ್ವಲ್ಪ ಬಿಟ್ಟು ನೋಡಿದರೆ ನಿಜ ಅಂಕಿ ಬರುತ್ತದೆ.

ಇಷ್ಟಕ್ಕೇ ತೀರ್ಮಾನಕ್ಕೆ ಬರುವುದು ಬೇಡ. 12.6 ತೋರಿಸುತ್ತಲೇ, ಜಾಸ್ತಿ ಕರೆಂಟ್ ಎಳೆದ ತಕ್ಷಣ ಕುಸಿಯುವ ಬ್ಯಾಟರಿಗಳಿವೆ. ಟ್ಯಾಂಕ್ ತುಂಬಿದೆ, ಆದರೆ ನಲ್ಲಿಯಲ್ಲಿ ನೀರು ರಭಸವಾಗಿ ಬರುತ್ತಿಲ್ಲ ಅನ್ನುವ ಹಾಗೆ. ಆದ್ದರಿಂದ ನನಗೆ ಮುಖ್ಯವಾದ ಅಂಕಿ ಸೆಲ್ಫ್ ಹೊಡೆಯುವಾಗಿನದು. ಮಗಳು ಕೀ ತಿರುಗಿಸುತ್ತಾಳೆ, ನಾನು ಮೀಟರಿನ ಪ್ರೋಬ್‌ಗಳನ್ನು ಬ್ಯಾಟರಿ ಟರ್ಮಿನಲ್‌ಗಳ ಮೇಲೆ ಹಿಡಿಯುತ್ತೇನೆ. ಎಂಜಿನ್ ಬೇಗ ಸ್ಟಾರ್ಟ್ ಆಗುವುದರಿಂದ ಅಂಕಿ ಕಣ್ಣಿಗೆ ಸಿಗುವುದಿಲ್ಲ. ಮೀಟರ್ ಮುಂದೆ ಮೊಬೈಲ್ ಇಟ್ಟು ವಿಡಿಯೋ ತೆಗೆದು, ಆಮೇಲೆ ನಿಧಾನಕ್ಕೆ ಓಡಿಸಿ ನೋಡುತ್ತೇನೆ. ಬ್ಯಾಟರಿ ಚೆನ್ನಾಗಿದ್ದಾಗ ನನ್ನ ಕಾರಿನಲ್ಲಿ 10.5ರ ಮೇಲೇ ನಿಲ್ಲುತ್ತಿತ್ತು. 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿದೆ ಅಂತಲೇ ತಿಳಿಯಬೇಕು. ಅದೂ ಚಾರ್ಜ್ ತುಂಬಿರುವಾಗ ಇಳಿದರೆ ಮಾತ್ರ. ಚಾರ್ಜೇ ಇಲ್ಲದ ಬ್ಯಾಟರಿ ಕುಸಿದರೆ ಅದರದ್ದೇನು ತಪ್ಪು?

ಈ ಅಂಕಿಯನ್ನು ತಿಂಗಳಿಗೊಮ್ಮೆ ಬರೆದಿಡುತ್ತಾ ಬಂದೆ. ಒಂದೇ ಸಲದ ಅಂಕಿಗಿಂತ ಅದು ಇಳಿಯುವ ರೀತಿ ಜಾಸ್ತಿ ಹೇಳುತ್ತದೆ. ಬಹಳ ಕಾಲ ಹತ್ತರ ಮೇಲೇ ಇದ್ದದ್ದು, ಬೇಸಿಗೆ ಕಳೆದ ಮೇಲೆ ಪ್ರತಿ ಸಲ ಒಂದಿಷ್ಟು ಇಳಿಯತೊಡಗಿತು. ಕಿವಿಗೆ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ, ಸೆಲ್ಫ್ ಮೊದಲಿನ ಹಾಗೇ ಹೊಡೆಯುತ್ತಿತ್ತು. ಈಗಿನ ಕಾರುಗಳ ತೊಂದರೆಯೇ ಇದು. ಸ್ವಲ್ಪ ತಿರುಗಿದರೆ ಸಾಕು, ಎಂಜಿನ್ ಹತ್ತಿಕೊಳ್ಳುತ್ತದೆ. ಹಾಗಾಗಿ ಬ್ಯಾಟರಿ ಸೋಲುತ್ತಿರುವುದು ಕೊನೆಯವರೆಗೂ ಗೊತ್ತಾಗುವುದಿಲ್ಲ.

ದುಡ್ಡು ಬಿಚ್ಚುವ ಮುಂಚೆ ಬೇರೆ ಕಾರಣಗಳಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. ಇದಕ್ಕಿಂತ ಕಡಿಮೆ ಇದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಅಥವಾ ಅದರ ಬೆಲ್ಟ್ ನೋಡಬೇಕು. ಇಲ್ಲದಿದ್ದರೆ ಹೊಸ ಬ್ಯಾಟರಿ ಹಾಕಿದರೂ ಅದು ಅರೆಹೊಟ್ಟೆಯಲ್ಲೇ ಇರುತ್ತದೆ. ನನ್ನದು 14.1 ಇತ್ತು. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನು ಬಿಸಿ ನೀರು, ಅಡುಗೆ ಸೋಡಾ ಹಾಕಿ ತೊಳೆದೆ. ತೊಳೆದ ಮೇಲೂ ಸೆಲ್ಫ್ ಹೊಡೆಯುವಾಗಿನ ಅಂಕಿ ಏರಲಿಲ್ಲ. ಇನ್ನು ಕಾರು ನಿಂತಾಗ ಕರೆಂಟ್ ಸೋರುತ್ತಿದೆಯಾ ಎಂದು ನೋಡಬೇಕು. ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಟರ್ಮಿನಲ್ ಮಧ್ಯೆ ಮೀಟರನ್ನು 10 ಆಂಪಿಯರ್‌ಗೆ ಇಟ್ಟು, ಬಾಗಿಲು ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ 50 ಮಿಲಿ ಆಂಪಿಯರ್ ಒಳಗೆ ಇಳಿಯಬೇಕು. ಹೊರಗಡೆ ಹಾಕಿಸಿದ ಸ್ಟೀರಿಯೋ, ಜಿಪಿಎಸ್ ಟ್ರ್ಯಾಕರ್ ಇದ್ದವರು ಇದನ್ನು ಬಿಡಲೇಬಾರದು. ಮೀಟರ್ ಹೀಗೆ ಸಿಕ್ಕಿಸಿದಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಕೆಲವು ಬ್ಯಾಟರಿಗಳ ಮೇಲೆ ಚಾರ್ಜ್ ಇದೆ ಅಂತ ತೋರಿಸುವ ಹಸಿರು ಕಣ್ಣು ಇರುತ್ತದಲ್ಲ, ಅದನ್ನು ನಂಬಿ ಕೂತವರನ್ನು ನೋಡಿದ್ದೇನೆ. 12 ವೋಲ್ಟ್ ಬ್ಯಾಟರಿಯಲ್ಲಿ ಆರು ಸೆಲ್ ಇರುತ್ತವೆ. ಆ ಕಣ್ಣು ನೋಡುವುದು ಒಂದನ್ನು. ಉಳಿದ ಐದರಲ್ಲಿ ಯಾವುದು ಸತ್ತರೂ ಅದು ಹಸಿರಾಗೇ ಇರಬಹುದು.

ಎಲ್ಲ ನೋಡಿಯಾದ ಮೇಲೆ, ರಾತ್ರಿಯಿಡೀ ಚಾರ್ಜರ್ ಹಾಕಿ ತುಂಬಿಸಿದ್ದರೂ ಸೆಲ್ಫ್ ಹೊಡೆಯುವಾಗ 9.5ಕ್ಕೆ ಇಳಿದ ದಿನ ಬದಲಿಸುವುದು ಅಂತ ತೀರ್ಮಾನಿಸಿದೆ. ಗಾಡಿ ಇನ್ನೂ ಸ್ಟಾರ್ಟ್ ಆಗುತ್ತಿತ್ತು. ಇನ್ನೊಂದೆರಡು ತಿಂಗಳು ಎಳೆಯಬಹುದಿತ್ತೇನೋ. ಆದರೆ ಗಾಣಗಾಪುರಕ್ಕೆ ಹೋದಾಗ ಅಮ್ಮನನ್ನು ಬಿಸಿಲಲ್ಲಿ ನಿಲ್ಲಿಸಿ ಜಂಪರ್ ಕೇಬಲ್ ಹುಡುಕುವುದಕ್ಕಿಂತ ಇದೇ ವಾಸಿ ಅನ್ನಿಸಿತು. ಮೇಲಾಗಿ, ಅವಸರ ಇಲ್ಲದಿದ್ದಾಗ ನಾಲ್ಕು ಅಂಗಡಿ ತಿರುಗಿ ರೇಟು ಕೇಳಬಹುದು. ದಾರಿಯಲ್ಲಿ ಕೆಟ್ಟು ನಿಂತರೆ ಎದುರಿಗಿದ್ದವನು ಹೇಳಿದ್ದೇ ರೇಟು.

ಕೊಳ್ಳುವಾಗ ಮೊದಲು ನೋಡಿದ್ದು ಹಳೆಯದರ ಮೇಲಿನ ನಂಬರ್. 38ಬಿ20ಎಲ್ ಅನ್ನುವಂಥ ನಂಬರಿನಲ್ಲಿ 20 ಅಂದರೆ ಉದ್ದ, ಸೆಂಟಿಮೀಟರ್ ಲೆಕ್ಕದಲ್ಲಿ. ಕೊನೆಯ ಎಲ್ ಅಥವಾ ಆರ್ ಟರ್ಮಿನಲ್ ಯಾವ ಕಡೆ ಅಂತ ಹೇಳುತ್ತದೆ. ಅದು ಅದಲು ಬದಲಾದರೆ ಕೇಬಲ್ ಮುಟ್ಟುವುದಿಲ್ಲ. "ದೊಡ್ಡದು ಹಾಕ್ರಿ, ಪವರ್ ಜಾಸ್ತಿ" ಅಂದರೂ ನಾನು ಒಪ್ಪಲಿಲ್ಲ. ಟ್ರೇಯಲ್ಲಿ ಸರಿಯಾಗಿ ಕೂರದ ಬ್ಯಾಟರಿ ಅಲುಗಾಡಿ ಬೇಗ ಹಾಳಾಗುತ್ತದೆ. ಆಮೇಲೆ ತಯಾರಾದ ತಿಂಗಳು ಕೇಳಿದೆ. ಅಂಗಡಿಯಲ್ಲಿ ಸುಮ್ನೆ ಕೂತ ಬ್ಯಾಟರಿಯೂ ಚಾರ್ಜ್ ಕಳೆದುಕೊಳ್ಳುತ್ತದೆ, ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಮೂರು ತಿಂಗಳೊಳಗಿನದು ಬೇಕು ಅಂದೆ. ಒಳಗಿಂದ ಬೇರೆ ತಂದುಕೊಟ್ಟರು. ವಾರಂಟಿ ಕಾರ್ಡಿನಲ್ಲಿ 'ಫ್ರೀ ರಿಪ್ಲೇಸ್‌ಮೆಂಟ್' ಎಷ್ಟು ತಿಂಗಳು, 'ಪ್ರೊ ರೇಟಾ' ಎಷ್ಟು ತಿಂಗಳು ಅಂತ ಬಿಡಿಸಿ ಓದಬೇಕು. ಎರಡನೆಯದರಲ್ಲಿ ಹೊಸ ಬ್ಯಾಟರಿ ಪುಕ್ಕಟೆ ಬರುವುದಿಲ್ಲ, ಬೆಲೆಯಲ್ಲಿ ರಿಯಾಯಿತಿ ಮಾತ್ರ. ಹಳೆಯದನ್ನು ಕೊಟ್ಟರೆ ಸೀಸದ ಬೆಲೆ ಕಳೆಯುತ್ತಾರೆ. ಅದನ್ನು ಗುಜರಿಗೆ ಹಾಕಬಾರದು, ಒಳಗೆ ಆಸಿಡ್ ಮತ್ತು ಸೀಸ ಇರುತ್ತದೆ. ಅಂಗಡಿಗೇ ವಾಪಸ್ ಕೊಟ್ಟೆ.

ಹಾಕುವ ಕೆಲಸಕ್ಕೆ ಒಂದು 10 ನಂಬರ್ ಸ್ಪ್ಯಾನರ್ ಸಾಕು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಕಾರಿನ ಬಾಡಿಯೆಲ್ಲ ನೆಗೆಟಿವ್ ಆಗಿರುವುದರಿಂದ, ಪಾಸಿಟಿವ್ ಬಿಚ್ಚುತ್ತಾ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ಆ ಭಯವಿಲ್ಲ. ಕ್ಲಾಂಪ್ ಬಿಗಿ ಮಾಡಿ, ಟರ್ಮಿನಲ್‌ಗೆ ತೆಳ್ಳಗೆ ವ್ಯಾಸಲೀನ್ ಸವರಿದೆ. ಗಡಿಯಾರ ಮತ್ತೆ ಹೊಂದಿಸಬೇಕಾಯಿತು.

ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರು ಇರುವವರು ಮಾತ್ರ ಬ್ಯಾಟರಿಯ ಜಾತಿ ನೋಡಿ ತೆಗೆದುಕೊಳ್ಳಬೇಕು. ಅವಕ್ಕೆ ಪದೇ ಪದೇ ಸ್ಟಾರ್ಟ್ ಮಾಡಿದರೂ ತಡೆಯುವ ಇಎಫ್‌ಬಿ ಅಥವಾ ಎಜಿಎಂ ಜಾತಿಯ ಬ್ಯಾಟರಿ ಬೇಕು, ಸಾದಾ ಬ್ಯಾಟರಿ ಬಾಳುವುದಿಲ್ಲ. ಕೆಲವು ಕಾರುಗಳಲ್ಲಿ ಹೊಸದು ಹಾಕಿದ್ದನ್ನು ಕಾರಿನ ಕಂಪ್ಯೂಟರಿಗೂ ತಿಳಿಸಬೇಕಾಗುತ್ತದೆ. ಅಂಥದ್ದಾದರೆ ಮನೆಯಲ್ಲಿ ಬಿಚ್ಚುವ ಮುಂಚೆ ಮ್ಯಾನುಯಲ್ ತೆಗೆದು ನೋಡಿ.