ಮಡಹಾಗಲ ಬೆಳೆಸಬೇಕಾ? ಮೊದಲು ಹೆಣ್ಣು ಬಳ್ಳಿ ಗುರುತಿಸಿ

ಮಳೆಗಾಲದ ಸಂತೆಯಲ್ಲಿ ಮಡಹಾಗಲದ ಬೆಲೆ ಕೇಳಿದರೆ ಚೀಲಕ್ಕೆ ಹೋದ ಕೈ ಹಾಗೇ ಹಿಂದೆ ಬರುತ್ತದೆ. ಮೈತುಂಬ ಮೆತ್ತನೆಯ ಮುಳ್ಳು, ಹಾಗಲದ ಕುಲದ್ದೇ ಆದರೂ ಕಹಿ ಇಲ್ಲ. ಕುರುಚಲು ಕಾಡಿನ ಈ ಬಳ್ಳಿ ಹಿತ್ತಲಲ್ಲೂ ಬರುತ್ತದೆ.

ಬೀಜ ಹಾಕುವ ಯೋಚನೆ ಬಿಡಿ. ಸಿಪ್ಪೆ ಗಟ್ಟಿ, ತಿಂಗಳುಗಟ್ಟಲೆ ಮೊಳೆಯುವುದೇ ಇಲ್ಲ. ಜೊತೆಗೆ ಇದರಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ತಿಳಿಯದು. ಬಂದದ್ದೆಲ್ಲ ಗಂಡೇ ಆದರೆ ಚಪ್ಪರ ಹಾಕಿದ್ದೂ ದಂಡ ಅಲ್ವಾ?

ಗಡ್ಡೆ ನೆಡುವುದೇ ವಾಸಿ. ಮಳೆಗಾಲದ ಸಂಜೆ ಬೇಲಿಯ ಬಳ್ಳಿಯಲ್ಲಿ ಹಳದಿ ಹೂ ಅರಳಿದಾಗ ಬಗ್ಗಿ ನೋಡಿ. ಹೆಣ್ಣು ಹೂವಿನ ಕೆಳಗೆ ಮುಳ್ಳುಮುಳ್ಳಾದ ಪುಟಾಣಿ ಕಾಯಿ ಮೊದಲೇ ಇರುತ್ತದೆ. ಗಂಡು ಹೂವಿಗೆ ಅದಿಲ್ಲ, ಬದಲಿಗೆ ದೊನ್ನೆಯಂಥ ಹಸಿರು ಎಲೆ ಬುಡವನ್ನು ಅಪ್ಪಿಕೊಂಡಿರುತ್ತದೆ. ಹೆಣ್ಣು ಬಳ್ಳಿಯ ಬುಡಕ್ಕೊಂದು ಗೂಟ ಹೊಡೆಯಿರಿ, ಗಂಡಿಗೂ ಒಂದು ಗುರುತು ಇರಲಿ. ಮಳೆ ಮುಗಿದ ಮೇಲೆ ಬಳ್ಳಿ ಒಣಗಿ ಹೋಗುತ್ತದೆ, ಗೂಟ ಇಲ್ಲದಿದ್ದರೆ ಬೇಸಿಗೆಯಲ್ಲಿ ಸುಮ್ನೆ ನೆಲ ಅಗೆಯುವುದೇ ಕೆಲಸ. ಗಡ್ಡೆ ನಿಮ್ಮ ಜಮೀನಿನದ್ದಾಗಿರಲಿ, ಇಲ್ಲವೇ ನೆರೆಯವರನ್ನು ಕೇಳಿ ತೆಗೆಯಿರಿ. ಕಾಡಿಗೆ ಹೋಗಿ ಕೀಳಬೇಡಿ.

ಮೇ ಕೊನೆಗೆ ಗುಂಡಿ ತೆಗೆದು ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿ. ಗುಂಡಿಯಿಂದ ಗುಂಡಿಗೆ 6 ಅಡಿ ಸಾಕು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ, ಆದ್ದರಿಂದ ಏರು ಮಾಡಿ. 8-10 ಹೆಣ್ಣು ಬಳ್ಳಿಗೆ 1 ಗಂಡು ಇರಬೇಕು. ಚಪ್ಪರ ಕೈಗೆ ಎಟುಕುವಷ್ಟೇ ಎತ್ತರವಿರಲಿ.

ಹೂ ಬಂದರೂ ಕಾಯಿ ಕಚ್ಚುತ್ತಿಲ್ಲವೇ? ಸಂಜೆ ಆಗತಾನೆ ಅರಳಿದ ಗಂಡು ಹೂ ಕಿತ್ತು ಎಸಳು ಬಿಡಿಸಿ, ಅದರ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಒಂದು ಗಂಡು ಹೂ ಹಲವು ಹೆಣ್ಣು ಹೂವಿಗೆ ಬರುತ್ತದೆ. ಕೊಡಗಿನ ಚೆಟ್ಟಳ್ಳಿ ಸಂಶೋಧನಾ ಕೇಂದ್ರದ ‘ಅರ್ಕಾ ಭಾರತ್’ ತಳಿ ನೆಟ್ಟಿದ್ದರೆ ಈ ಕೆಲಸ ಬೆಳಿಗ್ಗೆ ಮಾಡಿ. ದೊಡ್ಡ ಕಾಯಿಯ ಅದು ನಮ್ಮ ಮಡಹಾಗಲದ ನೆಂಟ, ಜಾತಿ ಬೇರೆ. ರುಚಿಗೆ ನನ್ನ ಓಟು ಕಾಡಿನ ಚಿಕ್ಕ ಕಾಯಿಗೇ.

ಕಾಯಿ ಹಸಿರಾಗಿದ್ದಾಗಲೇ ಕೊಯ್ಯಿರಿ. ಹಳದಿಗೆ ತಿರುಗಿದರೆ ಬೀಜ ಗಟ್ಟಿ, ಹಲ್ಲಿಗೆ ಸಿಗುತ್ತದೆ. ಬಿಲ್ಲೆ ಹೆಚ್ಚಿ, ಉಪ್ಪು-ಖಾರ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಹುರಿಯಿರಿ. ಸೀಸನ್ ಮುಗಿದ ಮೇಲೆ ಗಡ್ಡೆ ಮುಟ್ಟಬೇಡಿ, ಮುಂದಿನ ಮಳೆಗೆ ತಾನಾಗಿ ಚಿಗುರುತ್ತದೆ.