ಓವರ್‌ಸ್ಪೀಡ್ ಚಲನ್ ಬಂತಾ? ರೊಕ್ಕ ಕಟ್ಟೋಕಿಂತ ಮೊದ್ಲ ಸೆಕ್ಷನ್ ಓದು

ಹೋದ ಮಳಿಗಾಲದಾಗ ಒಂದಿನ ಮುಂಜಾನಿ ಚಾ ಕುಡ್ಕೋತ ಕೂತಿದ್ದೆ, ಫೋನಿಗೆ ಮೆಸೇಜ್ ಬಂತು, ನಮ್ಮ ಕಾರಿನ ಮ್ಯಾಲ ಇ-ಚಲನ್ ಅಂತ. ಆ ವಾರ ನಾ ಕಾರು ಮುಟ್ಟೇ ಇರಲಿಲ್ಲ. ಅಣ್ಣನ ಮಗ ಗೋಕಾಕದಿಂದ ಬಂದು ಇಲ್ಲೇ ಪುಣೆದಾಗ ನಮ್ಮ ಮನ್ಯಾಗ ಇದ್ದು ಇಂಜಿನಿಯರಿಂಗ್ ಓದ್ತಾನ, 19 ವಯಸ್ಸು, ಅವ ದೋಸ್ತರ ಜೋಡಿ ಎಕ್ಸ್‌ಪ್ರೆಸ್‌ವೇ ಹಿಡದು ಲೋಣಾವಳಾಕ್ಕ ಹೋಗಿದ್ದ. ಫೋಟೋ ತಗದು ನೋಡಿದ್ರ 100ರ ಲಿಮಿಟ್ ಇರೋ ಕಡೆ 131. ಕರದು ಫೋನ್ ಅವನ ಕೈಯಾಗ ಕೊಟ್ಟೆ. ಎರಡು ಬೆರಳಿಂದ ಫೋಟೋ ದೊಡ್ಡದು ಮಾಡಿದ, ನಂಬರ್ ಪ್ಲೇಟ್ ನೋಡಿದ, ಹಿಂದಿನ ಗಾಜಿಗೆ ಅವರ ಕಾಕು ಅಂಟಿಸಿದ್ದ ಯಲ್ಲಮ್ಮನ ಸ್ಟಿಕರ್ ನೋಡಿದ, ಆಮ್ಯಾಲ ಸಣ್ಣ ದನಿಯಾಗ "ಕಾಕಾ, ಅಪ್ಪಗ ಹೇಳಬ್ಯಾಡ್ರಿ" ಅಂದ. ಇನ್ನೊಂದು ಮಾತು ಹೊರಗ ಬಂದಿದ್ದು ಸಂಜಿಕೆ, ಐದು ತಿಂಗಳ ಹಿಂದ ಬೈಕಿನ ಮ್ಯಾಲೂ ಓವರ್‌ಸ್ಪೀಡಿಂದ ಒಂದು ಬಂದಿತ್ತಂತ, ಯಾರಿಗೂ ಹೇಳದ ಫೋನಿನಾಗ ರೊಕ್ಕ ಕಟ್ಟಿ ಮುಗಿಸಿದ್ದನಂತ. ಅವತ್ತಿಂದ ಈ ಕಾನೂನೆಲ್ಲಾ ಕೂತು ಓದಿದೆ, ಓಡಾಡಿದೆ, ಅದಕ್ಕ ಈಗ ನಿಮ್ಮಂಥ ಹುಡುಗರಿಗಂತ ಬರೀಲಿಕ್ಕತ್ತೀನಿ.

ಮೊದಲ್ನೇ ಕೆಲಸ, ಅವತ್ತಿನ ದಿನಾನ ಮನ್ಯಾಗ ಹೇಳು. ಕ್ಯಾಮೆರಾ ಚಲನ್ ಹೋಗೋದು ಗಾಡಿ ಯಾರ ಹೆಸರಲೆ ಐತಿ ಅವರ ಫೋನಿಗೆ, ಗಾಡಿ ಯಾರು ಹೊಡೀತಿದ್ರು ಅಂತ ಪೊಲೀಸರು ಕೇಳಿದ್ರ ಮಾಲಕರು ಹೇಳಲೇಬೇಕು ಅಂತ ಕಾನೂನಿನಾಗ ಐತಿ. ಅಂದ್ರ ನೀ ಮುಚ್ಚಿಟ್ಟದ್ದು ಒಂದಿನ ನಿಮ್ಮಪ್ಪನ ಕಡೆನೇ ಬಂದು ನಿಲ್ತೈತಿ. ನಮ್ಮ ಹುಡುಗ ಅವತ್ತ ರಾತ್ರಿ ಅಪ್ಪಗ ಫೋನ್ ಹಚ್ಚಿದ, ಬೈಗುಳ ತಿನ್ನಾಕ ತಯಾರಾಗಿ ಕೂತಿದ್ದ, ಅಣ್ಣ ಕೇಳಿದ್ದು ಒಂದ ಮಾತು, "ಗಾಡ್ಯಾಗ ಎಷ್ಟ್ ಮಂದಿ ಇದ್ರಿ?" ಐದು ಮಂದಿ ಇದ್ರು. 131ರಾಗ ಗಾಡಿ ಸೆಕೆಂಡಿಗೆ 36 ಮೀಟರ್ ಹೋಗ್ತೈತಿ, ಮುಂದ ಏನೋ ಅಡ್ಡ ಬಂತು ಅಂತ ತಲಿಗೆ ಹೊಳದು ಕಾಲು ಬ್ರೇಕ್ ಮುಟ್ಟೋದ್ರಾಗನ ಅಷ್ಟು ದೂರ ಹೋಗಿಬಿಟ್ಟಿರ್ತೈತಿ, ಬ್ರೇಕ್ ಒತ್ತಿದ ಮ್ಯಾಲ ನಿಲ್ಲಾಕ 100ಕ್ಕ ಬೇಕಾಗೋದಕ್ಕಿಂತ ಹೆಚ್ಚುಕಮ್ಮಿ 1.7 ಪಟ್ಟು ಹಾದಿ ಬೇಕು. ಇದನ್ನ ಹಾಳ್ಯಾಗ ಬರದು ತೋರ್ಸಿದ ಮ್ಯಾಲ ಅವ ಬಾಳ ಹೊತ್ತು ಮಾತಾಡಲಿಲ್ಲ.

ಈಗ ಚಲನ್ ತಗಿ. ಮಹಾಟ್ರಾಫಿಕ್ ಆ್ಯಪಿನಾಗ ಇಲ್ಲಾ ಮಹಾರಾಷ್ಟ್ರ ಟ್ರಾಫಿಕ್ ಪೊಲೀಸರ ಇ-ಚಲನ್ ವೆಬ್‌ಸೈಟಿನಾಗ ಗಾಡಿ ನಂಬರ್ ಹಾಕಿ ನೋಡು, ವೆಬ್‌ಸೈಟ್ ಹೆಸರಿನ ಕೊನಿಗೆ ಡಾಟ್ ಗವ್ ಡಾಟ್ ಇನ್ (.gov.in) ಇರಬೇಕು. ವಾಟ್ಸ್ಯಾಪಿಗೆ ಬಂದ ಲಿಂಕ್ ಒತ್ತಬ್ಯಾಡ, ಆರ್‌ಟಿಒ ಚಲನ್ ಅಂತ ಹೆಸರಿಟ್ಟು ಎಪಿಕೆ ಫೈಲ್ (ಆ್ಯಪ್ ಹಾಕೋ ಫೈಲ್) ಕಳಸ್ತಾರ, ಅದನ್ನ ಇನ್‌ಸ್ಟಾಲ್ ಮಾಡಿದ್ರ ಬ್ಯಾಂಕಿನಾಗಿನ ರೊಕ್ಕ ಹೋಗ್ತೈತಿ. ಅಂಥಾದ್ದು ಒತ್ತಿಬಿಟ್ಟಿದ್ರ ತಡಾ ಮಾಡದ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಮಾಡು.

ಚಲನ್ ತಗದ ಮ್ಯಾಲ ಫೋಟೋ ಸಾವಕಾಶ ನೋಡು. ನಂಬರ್ ಪ್ಲೇಟ್ ಸರಿಯಾಗಿ ಕಾಣತೈತೇನು, ಗಾಡಿ ನಿಂದೇ ಏನು, ತಾರೀಖು, ಟೈಮು, ಜಾಗ, ಮಷಿನ್ ತೋರ್ಸಿದ ಸ್ಪೀಡು, ಯಾವ ಸೆಕ್ಷನ್ನು, ಇಷ್ಟೂ ಇರಬೇಕು. ನಮ್ಮ ಓಣ್ಯಾಗಿನ ಅಕ್ಕೋರ ಸ್ಕೂಟಿ ಹೆಸರಿಗೆ ಒಂದು ಚಲನ್ ಬಂದಿತ್ತು, ಫೋಟೋದಾಗ ನೋಡಿದ್ರ ಬಿಳಿ ಕಾರು! ನಂಬರಿನಾಗ ಒಂದು ಅಂಕಿ ತಪ್ಪಾಗಿ ಓದಿತ್ತು. ಅಂಥಾದ್ದಿದ್ರ ರೊಕ್ಕ ಕಟ್ಟಬ್ಯಾಡ, ತಕರಾರು ಹಾಕು, ಗಾಡಿ ಫೋಟೋ ಮತ್ತ ಆರ್‌ಸಿ (ಗಾಡಿ ನೋಂದಣಿ ಪತ್ರ) ಜೋಡಸು. 2021ರಾಗ ಕೇಂದ್ರದ ನಿಯಮ ಬದಲಾದಾಗಿಂದ ಕ್ಯಾಮೆರಾ ಚಲನಿನ ನೋಟಿಸ್ 15 ದಿನದಾಗ ಕಳಸಬೇಕು, ಕ್ಯಾಮೆರಾ ಮಷಿನ್ನಿಗೆ ಸರ್ಟಿಫಿಕೇಟ್ ಇರಬೇಕು, ಅದು ವರ್ಷಾ ರಿನ್ಯೂ ಆಗಬೇಕು, ಕ್ಯಾಮೆರಾ ಐತಿ ಅಂತ ಮೊದಲ ಬೋರ್ಡ್ ಹಾಕಿರಬೇಕು. ಖರೇನ ತಪ್ಪು ಚಲನ್ ಅನಿಸಿದ್ರ ಇವನ್ನ ಕೇಳೋ ಹಕ್ಕು ನಿನಗ ಐತಿ. ಆದ್ರ ತಪ್ಪು ನಿಂದ ಅಂತ ನಿನಗ ಗೊತ್ತಿದ್ದೂ ಬೋರ್ಡ್ ಕಾಣಲಿಲ್ಲ ಅಂತ ಸುಳ್ಳು ಹೇಳಾಕ ಹೋಗಬ್ಯಾಡ, ನಾ ಅದಕ್ಕ ಬರೀತಿಲ್ಲ.

ಎಲ್ಲಾಕ್ಕಿಂತ ಮುಖ್ಯ ಸೆಕ್ಷನ್ ನಂಬರು, ಅಂದ್ರ ಮೋಟಾರು ವಾಹನ ಕಾಯ್ದೆದಾಗಿನ ಯಾವ ಕಲಂ ಅನ್ನೋದು. 183 ಅಂತ ಇದ್ರ ಅದು ಬರೇ ಓವರ್‌ಸ್ಪೀಡು, ಕಾರು ಬೈಕಿನಂಥ ಹಗುರ ಗಾಡಿಗೆ ಕಾನೂನಿನ ಪ್ರಕಾರ 1000ದಿಂದ 2000 ರೂಪಾಯಿ ದಂಡ, ಆದ್ರ ಅದ ತಪ್ಪು ಎರಡನೇ ಸಲ ಆದ್ರ ಲೈಸೆನ್ಸ್ ಜಪ್ತಿ ಮಾಡಬೇಕು ಅಂತ ಐತಿ. 184 ಅಂತ ಇದ್ರ ಅದು ಅಪಾಯಕಾರಿ ಚಾಲನೆ, ಮೊದಲ್ನೇ ಸಲಕ್ಕ 6 ತಿಂಗಳಿಂದ 1 ವರ್ಷ ಜೈಲು ಇಲ್ಲಾ 1000ದಿಂದ 5000 ದಂಡ ಇಲ್ಲಾ ಎರಡೂ, ಮೂರು ವರ್ಷದಾಗ ಮತ್ತ ಸಿಕ್ರ 2 ವರ್ಷದ ತನಕ ಜೈಲು ಇಲ್ಲಾ 10,000 ದಂಡ ಇಲ್ಲಾ ಎರಡೂ. ಸಿಗ್ನಲ್ ಹಾರಿದ್ದು, ಕೈಯಾಗ ಫೋನ್ ಹಿಡದು ಹೊಡದದ್ದು, ರಾಂಗ್ ಸೈಡ್ ಹೋದದ್ದು ಇವೆಲ್ಲಾ 184ರಾಗ ಬರ್ತಾವು. ಚಲನಿನ ದಂಡ ಕಟ್ಟೋದು ಅಂದ್ರ ತಪ್ಪು ಒಪ್ಕೊಂಡಂಗ. 183 ಮೊದಲ್ನೇದು, ಫೋಟೋ ಸರಿ ಐತಿ ಅಂದ್ರ ಕಟ್ಟಿ ಮುಗಸು, ಎಳದಾಡೋದ್ರಾಗ ಏನೂ ಇಲ್ಲ. ಎರಡನೇದಿದ್ರ, 184 ಇದ್ರ, ಇಲ್ಲಾ ಕೋರ್ಟಿಗೆ ಬಾ ಅಂತ ಸಮನ್ಸ್ ಬಂದಿದ್ರ, ಕಟ್ಟೋಕಿಂತ ಮೊದ್ಲ ಒಬ್ಬ ವಕೀಲರಿಗೆ ತೋರಸು. ರೊಕ್ಕದ ಚಿಂತಿ ಇದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಐತಿ, ಹೆಣ್ಣುಮಕ್ಕಳಿಗೂ 18ರ ಒಳಗಿನವರಿಗೂ ಮನಿ ಆದಾಯ ಎಷ್ಟ ಇರಲಿ ವಕೀಲರು ಫುಕಟ್ ಸಿಗ್ತಾರ, ಸಹಾಯವಾಣಿ ನಂಬರ್ 15100.

ಲೋಕ ಅದಾಲತ್ (ಕೇಸು ರಾಜಿ ಮಾಡಿ ಮುಗಸೋ ಕೋರ್ಟು) ಬರ್ತೈತಿ, ಆವಾಗ ಅರ್ಧಾ ಮಾಡ್ತಾರ ಅಂತ ದೋಸ್ತರು ಹೇಳ್ತಾರ. ಸಣ್ಣ ಚಲನ್‌ಗಳು ಅಲ್ಲಿ ರಾಜಿ ಆಗ್ತಾವು ಖರೆ, ಆದ್ರ ಕಮ್ಮಿ ಮಾಡೇ ಮಾಡ್ತಾರ ಅಂತ ನಂಬ್ಕೊಂಡು ಕೂಡಬ್ಯಾಡ, ಅಷ್ಟರಾಗ ಇನ್ನ ಎರಡು ಚಲನ್ ಜೋಡಿ ಆಗಿರ್ತಾವು.

ಹಾದ್ಯಾಗ ಪೊಲೀಸರು ನಿಲ್ಲಿಸಿದ್ರ ಬದೀಗೆ ಹಚ್ಚಿ ಇಂಜಿನ್ ಬಂದ್ ಮಾಡು, ಡಿಜಿಲಾಕರ್ ಇಲ್ಲಾ ಎಂಪರಿವಾಹನ್ ಅನ್ನೋ ಸರ್ಕಾರದ ಆ್ಯಪಿನಾಗ ಇರೋ ಲೈಸೆನ್ಸ್, ಆರ್‌ಸಿ ತೋರ್ಸಿದ್ರ ನಡೀತೈತಿ. ಮರಾಠಿ ಸರಿ ಬರದಿದ್ರ ಹಿಂದ್ಯಾಗ ಮಾತಾಡು, ದನಿ ಏರಸಬ್ಯಾಡ, ಅವರು ಬಿಸಲಾಗ ಧೂಳಿನಾಗ ನಿಂತಿರ್ತಾರ. ರಸೀದಿ ಇಲ್ಲದ ರೊಕ್ಕ ಕೊಡಬ್ಯಾಡ. ಲೈಸೆನ್ಸ್ ಇಟ್ಕೊಂಡ್ರ ಅದಕ್ಕ ಪಾವತಿ, ಅಂದ್ರ ಇಟ್ಕೊಂಡೀವಿ ಅನ್ನೋ ಚೀಟಿ ಇಸ್ಕೋ, ಆದ್ರ ಇದೊಂದು ನೆನಪಿಡು, ಆ ಪಾವತಿ ತೋರ್ಸಿ ಗಾಡಿ ಹೊಡ್ಯಾಕ ಬರೂದಿಲ್ಲ, ಲೈಸೆನ್ಸ್ ವಾಪಸ್ ಬರೋತನಕ ಬಸ್ಸೋ ಮೆಟ್ರೋನೋ ಹಿಡೀಬೇಕು. ಬರೇ ಲರ್ನರ್ ಲೈಸೆನ್ಸ್ ಮ್ಯಾಲ ಪಕ್ಕದಾಗ ಲೈಸೆನ್ಸ್ ಇದ್ದವರಿಲ್ಲದ ಒಬ್ಬನೇ ಕಾರು ಹೊಡದಿದ್ರ ಅದೊಂದು ಬ್ಯಾರೇನ ತಪ್ಪು.

ಇನ್ನ ತಾಯಿ-ತಂದಿಗೋಳು ಒಂದ್ ನಿಮಿಷ ಕೇಳ್ರಿ. ಹುಡುಗಗ 18 ಆಗಿಲ್ಲ ಅಂದ್ರ ಇದು ಚಲನಿನ ಮಾತೇ ಅಲ್ಲ. 2019ರಾಗ ಸೇರಿಸಿದ 199ಎ ಸೆಕ್ಷನ್ ಓದ್ರಿ, ಅದ್ರ ಪ್ರಕಾರ ಪಾಲಕರು ಇಲ್ಲಾ ಗಾಡಿ ಮಾಲಕರು ತಪ್ಪಿತಸ್ಥರು, 3 ವರ್ಷದ ತನಕ ಜೈಲು, 25,000 ದಂಡ, ಗಾಡಿ ರಿಜಿಸ್ಟ್ರೇಷನ್ 12 ತಿಂಗಳು ರದ್ದು, ಹುಡುಗಗ 25 ತುಂಬೋತನಕ ಲೈಸೆನ್ಸ್ ಇಲ್ಲ. ಹುಡುಗನ ಕೇಸು ಬಾಲ ನ್ಯಾಯ ಮಂಡಳಿಗೆ ಹೋಗ್ತೈತಿ. 2024ರ ಮೇ 19ಕ್ಕ ನಮ್ಮ ಇದ ಊರಾಗ, ಕಲ್ಯಾಣಿನಗರದಾಗ, ಕಾರು ಗುದ್ದಿ ಬೈಕ್ ಮ್ಯಾಲಿದ್ದ ಇಬ್ಬರು ಸಣ್ಣ ವಯಸ್ಸಿನ ಇಂಜಿನಿಯರ್‌ಗಳು ಜೀವಾ ಕಳ್ಕೊಂಡ್ರು, ಆ ಕಾರಿನ ಸ್ಟೇರಿಂಗ್ ಹಿಡದಿದ್ದವ 17ರ ಹುಡುಗ ಅಂತ ಕೇಸಾತು. ಅವತ್ತಿಂದ ನಮ್ಮ ಮನ್ಯಾಗ ಗಾಡಿ ಕೀಲಿ ಗೂಟಕ್ಕ ನೇತಾಡೂದಿಲ್ಲ, ಕಪಾಟಿನಾಗ ಇರ್ತೈತಿ, ಕ್ಲಾಸಿಗೆ ತಡಾ ಆಗ್ತೈತಿ ಅಂತ ಸಣ್ಣ ಮಗಳು ಎಷ್ಟ ಹಟಾ ಮಾಡಿದ್ರೂ ನಾನ ಬಿಟ್ಟು ಬರ್ತೀನಿ.

ಕೋರ್ಟಿಗೆ ಹೋಗೋದು ಬಂದ್ರ ಸಮನ್ಸಿನ ಪ್ರತಿ, ಲೈಸೆನ್ಸು, ಆರ್‌ಸಿ, ಇನ್ಶುರೆನ್ಸು, ಪಿಯುಸಿ (ಗಾಡಿ ಹೊಗಿ ತಪಾಸಣಿ ಸರ್ಟಿಫಿಕೇಟು), ಆಧಾರು, ಎಲ್ಲಾದರದ್ದೂ ಒಂದೊಂದು ಝೆರಾಕ್ಸು ಒಂದ ಫೈಲಿನಾಗ ಇಟ್ಕೊಂಡು ಅರ್ಧಾ ತಾಸು ಮೊದಲ ಹೋಗು, ಮನಿ ಹಿರಿಯರನ್ನ ಕರ್ಕೊಂಡು ಹೋಗು. ಮ್ಯಾಜಿಸ್ಟ್ರೇಟರು ಕೇಳಿದ್ದಕ್ಕಷ್ಟ ಖರೆ ಹೇಳು, ದೋಸ್ತರು ಒತ್ತಾಯ ಮಾಡಿದ್ರು ಅನ್ನೋ ಕತಿ ಬ್ಯಾಡ. ದಂಡ ಕಟ್ಟಿದ ಮ್ಯಾಲ ರಸೀದಿ ಇಸ್ಕೋ, ಎಂಟು ದಿನ ಬಿಟ್ಟು ಮತ್ತ ಆ್ಯಪಿನಾಗ ಗಾಡಿ ನಂಬರ್ ಹಾಕಿ ನೋಡು, ಬಾಕಿ ಅಂತ ತೋರ್ಸಿದ್ರ ರಸೀದಿ ಹಿಡ್ಕೊಂಡು ಟ್ರಾಫಿಕ್ ಕಚೇರಿಗೆ ಹೋಗು, ಕಟ್ಟಿದಂಗ ತೋರ್ಸಿದ್ರ ಒಂದು ಸ್ಕ್ರೀನ್‌ಶಾಟ್ ತಗದು ಅಪ್ಪಗೂ ಕಳಸು.