ತಾಂಡಾ ಶಾಲೆಗೆ ಫೋನು, ಪೆನ್‌ಡ್ರೈವು: ಶಿಕ್ಷಕರ ತರಬೇತಿಯಲ್ಲಿ ನನ್ನ ಅನುಭವ

ಲಂಬಾಣಿ ಮಕ್ಕಳಿಗೆ ಅವರ ಮಾತಲ್ಲೇ ಧ್ವನಿಪಾಠ ಕೇಳಿಸಿದರೆ ಕನ್ನಡ ಹಿಂದೆ ಬೀಳುತ್ತದೆ ಎಂದವರೇ ನಮ್ಮ ಯಾದಗಿರಿ ಕಡೆ ಹೆಚ್ಚು. ಈಗ ಅವರೇ ಧ್ವನಿ ಫೈಲು ಕೊಡಿ ಎನ್ನುತ್ತಿದ್ದಾರೆ.

ಬಿಆರ್‌ಸಿಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಪ್ರೊಜೆಕ್ಟರ್ ಹಾಕಿ ಕೊಟ್ಟ ತರಬೇತಿ ಉಪಯೋಗಕ್ಕೆ ಬರಲಿಲ್ಲ. ಪಠ್ಯದ ಕ್ಯೂಆರ್ ಕೋಡಿನಿಂದ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ತೆರೆಯುವುದು ಎಲ್ಲರಿಗೂ ಬಂತು, ಆದರೆ ಲಂಬಾಣಿಗರ ತಾಂಡಾದಲ್ಲಿ ನೆಟ್‌ವರ್ಕೇ ಬರಲಿಲ್ಲ. ಹಾಗಾಗಿ ಶಿಕ್ಷಕರ ತಿಂಗಳ ಸಮಾಲೋಚನಾ ಸಭೆಯಲ್ಲೇ ಧ್ವನಿಪಾಠ ರೆಕಾರ್ಡ್ ಮಾಡಲು ಕಲಿಸಲೆಂದು ಮುಕ್ಕಾಲು ಗಂಟೆ ಕೇಳಿ ಪಡೆದೆ. ಲಂಬಾಣಿ ಬಲ್ಲವರೊಬ್ಬರು, ಬಾರದವರೊಬ್ಬರು ಜೋಡಿ; ಫೋನು ಇರುವುದು ಲಂಬಾಣಿ ಬಾರದವರ ಕೈಯಲ್ಲಿ. ನಾನು ಯಾರ ಫೋನನ್ನೂ ಮುಟ್ಟುವುದಿಲ್ಲ. ನಲಿಕಲಿ (ಚಟುವಟಿಕೆಯಿಂದ ಕಲಿಸುವ ಪದ್ಧತಿ) ಕಾರ್ಡಿನ ಚಿತ್ರಕ್ಕೆ ಮೊದಲು ಲಂಬಾಣಿ, ಮೂರು ಸೆಕೆಂಡ್ ಬಿಡುವು, ಆಮೇಲೆ ಕನ್ನಡ. ಆ ಬಿಡುವಿನಲ್ಲಿ ಮಕ್ಕಳೇ ಕನ್ನಡ ಪದ ಕೂಗಬೇಕು. ಬಿಡುವು ಕೊಡದ ಫೈಲು ಬರೀ ರೇಡಿಯೋ. ಎರಡು ನಿಮಿಷ ದಾಟಿದರೆ ಒಂದನೇ ತರಗತಿ ಗಲಾಟೆಗೆ ಬೀಳುತ್ತದೆ.

ರೆಕಾರ್ಡ್ ಮಾಡುವಾಗ ಫ್ಲೈಟ್ ಮೋಡ್, ಫ್ಯಾನ್ ಬಂದ್, ಫೋನು ಬಾಯಿಂದ ಗೇಣು ದೂರ, ಸ್ವಲ್ಪ ಓರೆ. ನೇರ ಹಿಡಿದರೆ ಪ, ಬ ಬಂದಾಗೆಲ್ಲ ಉಸಿರು ಬಡಿಯುತ್ತದೆ. ಖಾಲಿ ತರಗತಿ ಗುಂಯ್‌ಗುಡುತ್ತದೆ. ಬಿಸಿಯೂಟದ ಅಕ್ಕಿ ಮೂಟೆಯ ಕೋಣೆಗಿಂತ ಒಳ್ಳೆ ಸ್ಟುಡಿಯೋ ನಾನು ಕಂಡಿಲ್ಲ.

ದುಡ್ಡಿನ ಮಾತು. ಟಿವಿ, ಯುಪಿಎಸ್ ಎಂದರೆ ಮೂವತ್ತು ಸಾವಿರದ ಆಸುಪಾಸು. ನಮ್ಮದು ಸಾವಿರದ ಸ್ಪೀಕರು, ಮುನ್ನೂರೈವತ್ತರ ಪೆನ್‌ಡ್ರೈವು, ಫೋನಿಗೆ ಪೆನ್‌ಡ್ರೈವು ಜೋಡಿಸುವ ಒಟಿಜಿ ಸೇರಿ ಸಾವಿರದೈನೂರರೊಳಗೆ. ಕೆಲವು ಕಡೆ ಎಸ್‌ಡಿಎಂಸಿಯವರೇ (ಶಾಲಾಭಿವೃದ್ಧಿ ಸಮಿತಿ) ಕೊಟ್ಟರು. ಐನೂರರ ಸ್ಪೀಕರು ಬೇಡ, ಚಾರ್ಜಿಂಗ್ ಪಿನ್ನು ಬೇಗ ಸಡಿಲವಾಗುತ್ತದೆ.

ಹೆಚ್ಚು ಕಾಡಿದ್ದು ಪೆನ್‌ಡ್ರೈವು. ವಾಟ್ಸಾಪ್ ವಾಯ್ಸ್ ಮೆಸೇಜು ಓಪಸ್ ಎಂಬ ಬಗೆಯ ಫೈಲಾಗಿರುತ್ತದೆ, ಸ್ಪೀಕರು ಓದುವುದಿಲ್ಲ. ಎಂಪಿ3 ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಪೆನ್‌ಡ್ರೈವಿನ ಫಾರ್ಮ್ಯಾಟು ಫ್ಯಾಟ್32 ಇರಬೇಕು. ಇನ್ನೊಂದು ಪೇಚು: ಎಷ್ಟೋ ಅಗ್ಗದ ಸ್ಪೀಕರುಗಳು ಫೈಲಿನ ಹೆಸರು ನೋಡುವುದಿಲ್ಲ, ಕಾಪಿ ಮಾಡಿದ ಕ್ರಮದಲ್ಲೇ ನುಡಿಸುತ್ತವೆ. ನಮಗೆ ಕ್ರಮ ತಪ್ಪದಂತೆ 001, 002 ಎಂದು ಹೆಸರಿಟ್ಟು ಅದೇ ಕ್ರಮದಲ್ಲಿ ಒಂದೊಂದಾಗಿ ಹಾಕಿ. ನಡುವಿನದೊಂದು ಬದಲಾದರೆ ಎಲ್ಲ ಅಳಿಸಿ ಮತ್ತೆ ಹಾಕಿ. ಇದು ಗೊತ್ತಾಗದೆ ಎತ್ತಿನ ಚಿತ್ರಕ್ಕೆ ‘ಕೊಡ’ ಎಂಬ ಪದ ಕೇಳಿ ಎಷ್ಟೋ ಟೀಚರುಗಳು ಕೈಬಿಟ್ಟಿದ್ದರು.

ಲಂಬಾಣಿಗೆ ಕನ್ನಡದ ವಾಯ್ಸ್ ಟೈಪಿಂಗ್ ಹಚ್ಚಿ ನೋಡಿದ್ದೂ ಆಯಿತು, ನಗಲು ಚೆನ್ನಾಗಿತ್ತು. ಗುರುಮಠಕಲ್ ಕಡೆ ತೆಲುಗು ಮಕ್ಕಳಿಗೆ ಕೆಲಸ ಸಲೀಸು: ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಎಷ್ಟೋ ಕಥೆ ಕನ್ನಡ, ತೆಲುಗು ಎರಡರಲ್ಲೂ ಸಿಗುತ್ತದೆ, ಮುಕ್ತ ಪರವಾನಗಿ ಇರುವುದರಿಂದ ಓದಿ ರೆಕಾರ್ಡ್ ಮಾಡಲು ಅಡ್ಡಿಯಿಲ್ಲ.

ಈಗ ಸುಮಾರು ಮುನ್ನೂರು ಫೈಲುಗಳಿವೆ. ಗುಳೆ ಹೋಗುವ ಮನೆಯವರ ಮೆಮೊರಿ ಕಾರ್ಡಿಗೂ ಹಾಕಿಕೊಡುತ್ತಿದ್ದೇವೆ. ಕೀಪ್ಯಾಡ್ ಫೋನಾದರೆ ಕಾರ್ಡು ಚಿಕ್ಕದಿರಲಿ, ದೊಡ್ಡದನ್ನು ಎಷ್ಟೋ ಫೋನು ಗುರುತಿಸುವುದಿಲ್ಲ.